ಎರಡು ಎಂ.ಎಸ್., ಎರಡು ಬಾಗಿಲು

ನೀಟ್ ಫಲಿತಾಂಶ ಬಂದು ಕೆಇಎ ಆಪ್ಷನ್ ಎಂಟ್ರಿ ಶುರುವಾಗುವ ಹೊತ್ತಿಗೆ ತುಮಕೂರು, ಗುಬ್ಬಿ, ಕುಣಿಗಲ್‌ಗಳ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಲೆಕ್ಕ ನಡೆಯುತ್ತದೆ. ಗುಬ್ಬಿಯ ಪರಿಚಯದವರೊಬ್ಬರ ಮನೆಯಲ್ಲಿ ಅಂಥ ಲೆಕ್ಕದ ಹಾಳೆಯೊಂದನ್ನು ನೋಡಿದೆ. ಮಗಳ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಎಡಗಡೆ ಎಂಬಿಬಿಎಸ್ ಕಾಲೇಜುಗಳ ಹೆಸರು, ಬಲಗಡೆ ಬಿಎಎಂಎಸ್ ಕಾಲೇಜುಗಳ ಹೆಸರು. ಎರಡೂ ಕಡೆಯಿಂದ ಎಳೆದ ಗೆರೆಗಳು ಕೆಳಗೆ ಬಂದು ಒಂದೇ ಮಾತಿಗೆ ಸೇರಿದ್ದವು: ‘ಎಂ.ಎಸ್.’ ಹುಡುಗಿಗೆ ಸರ್ಜನ್ ಆಗುವ ಆಸೆ. ರ‍್ಯಾಂಕ್ ನೋಡಿದರೆ ಎಂಬಿಬಿಎಸ್ ಸೀಟು ಅನುಮಾನ. ಅಪ್ಪ ಸಮಾಧಾನದ ದನಿಯಲ್ಲಿ ಹೇಳಿದರು: “ಯಾವ ಕಡೆಯಿಂದ ಹೋದ್ರೂ ಕೊನೆಗೆ ಎಂ.ಎಸ್. ಅಂತಾನೇ ಬರುತ್ತಲ್ಲ ಸಾರ್. ಸರ್ಜನ್ ಅಂದ್ರೆ ಸರ್ಜನ್ನೇ.” ಮಗಳ ಮೇಲಿನ ಕಾಳಜಿಯಿಂದ ಬಂದ ಮಾತು ಅದು. ಆದರೆ ಆ ಮಾತಿನೊಳಗೆ ಮೂರು ನಾಲ್ಕು ಬೇರೆ ಬೇರೆ ಸಂಗತಿಗಳು ಗಂಟು ಬಿದ್ದಿವೆ. ಹದಿನೆಂಟರ ವಯಸ್ಸಿನ ಒಬ್ಬಳ ಮುಂದಿನ ಎಂಟು ಹತ್ತು ವರ್ಷ ಆ ಗಂಟಿನ ಮೇಲೆ ನಿಂತಿರುವುದರಿಂದ ಅದನ್ನು ಬಿಡಿಸಿ ನೋಡಲೇಬೇಕು.

ಈ ನಂಬಿಕೆಯನ್ನು ಮೊದಲು ಅದರ ಪೂರ್ಣ ಬಲದಲ್ಲೇ ಮುಂದಿಡುತ್ತೇನೆ, ಅದಕ್ಕೆ ಆಧಾರಗಳಿವೆ. ಎಂಬಿಬಿಎಸ್‌ಗೂ ಆಯುರ್ವೇದದ ಬಿಎಎಂಎಸ್‌ಗೂ ಪ್ರವೇಶ ಪರೀಕ್ಷೆ ಒಂದೇ, ನೀಟ್. ಎರಡಕ್ಕೂ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ರಾಜ್ಯದ ಬಹುಪಾಲು ಕಾಲೇಜುಗಳಲ್ಲಿ ಎರಡೂ ಪದವಿಗಳನ್ನು ಕೊಡುವುದು ಒಂದೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಆಮೇಲಿನ ಸ್ನಾತಕೋತ್ತರ ಓದು ಎರಡರಲ್ಲೂ ಮೂರು ವರ್ಷ, ಒಂದರಲ್ಲಿ ಎಂ.ಎಸ್. ಜನರಲ್ ಸರ್ಜರಿ, ಇನ್ನೊಂದರಲ್ಲಿ ಎಂ.ಎಸ್. ಶಲ್ಯತಂತ್ರ. ಶಲ್ಯತಂತ್ರ ಎಂದರೆ ಶಸ್ತ್ರವೈದ್ಯವೇ. ಅದರ ಮೂಲಗ್ರಂಥ ಸುಶ್ರುತ ಸಂಹಿತೆ. ಸುಶ್ರುತನನ್ನು ಶಸ್ತ್ರಚಿಕಿತ್ಸೆಯ ಪಿತಾಮಹ ಎಂದು ಆಧುನಿಕ ವೈದ್ಯರೂ ಗೌರವಿಸುತ್ತಾರೆ. ಇದೆಲ್ಲದರ ಮೇಲೆ, 2020ರ ನವೆಂಬರಿನಲ್ಲಿ ಭಾರತೀಯ ವೈದ್ಯ ಪದ್ಧತಿಗಳ ಕೇಂದ್ರ ಮಂಡಳಿಯ ಅಧಿಸೂಚನೆಯೊಂದು ಶಲ್ಯದಲ್ಲಿ 39, ಕಣ್ಣು, ಕಿವಿ, ಮೂಗು, ಗಂಟಲಿನ ಶಾಲಾಕ್ಯದಲ್ಲಿ 19, ಒಟ್ಟು 58 ಶಸ್ತ್ರಕ್ರಿಯೆಗಳನ್ನು ಪಟ್ಟಿ ಮಾಡಿ, ಸ್ನಾತಕೋತ್ತರ ವಿದ್ಯಾರ್ಥಿಗಳು ಅವನ್ನು ಸ್ವತಂತ್ರವಾಗಿ ಮಾಡುವಷ್ಟು ತರಬೇತಿ ಪಡೆಯಬೇಕು ಎಂದಿತು. ಇಷ್ಟನ್ನು ಒಟ್ಟಿಗಿಟ್ಟು ನೋಡಿದವರಿಗೆ “ಯಾವ ದಾರಿಯಾದರೇನು” ಅನ್ನಿಸಿದರೆ ಅದನ್ನು ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ.

ಹಾಗಾದರೆ ತಪ್ಪಿರುವುದು ಎಲ್ಲಿ? ‘ಸರ್ಜನ್’ ಎಂಬ ಒಂದು ಮಾತಿನಲ್ಲಿ ನಾವು ಮೂರು ಪ್ರಶ್ನೆಗಳನ್ನು ತುಂಬಿಬಿಡುತ್ತೇವೆ. ಅವನ್ನು ಬೇರೆ ಮಾಡದೆ ವಾದ ಮುಂದೆ ಸಾಗದು.

1. ಕೈ: ಈ ವ್ಯಕ್ತಿ ಯಾವ ಯಾವ ಶಸ್ತ್ರಕ್ರಿಯೆಗಳನ್ನು, ಎಷ್ಟು ಸಲ, ಯಾರ ಕಣ್ಣೆದುರು ಮಾಡಿ ಕಲಿತಿದ್ದಾರೆ?

2. ಹೊಣೆ: ಮೇಜಿನ ಮೇಲೆ ಏನಾದರೂ ಎಡವಟ್ಟಾದರೆ ಅದನ್ನು ಎದುರಿಸಲು ಬೇಕಾದ ಔಷಧಿ, ಉಪಕರಣ, ಜೊತೆಗಾರರು ಅವರ ಕೈಗೆಟಕುತ್ತಾರೆಯೇ? ಅವನ್ನು ಬಳಸುವ ಹಕ್ಕು ಅವರಿಗಿದೆಯೇ?

3. ಮಾನ್ಯತೆ: ಸರ್ಕಾರ, ಆಸ್ಪತ್ರೆ, ಕಾನೂನು ಇವರನ್ನು ಯಾವ ಹುದ್ದೆಗೆ, ಯಾವ ಕೆಲಸಕ್ಕೆ ಸರ್ಜನ್ ಎಂದು ಒಪ್ಪುತ್ತವೆ?

ಪದವಿಯ ಹೆಸರು ಈ ಮೂರರಲ್ಲಿ ಒಂದಕ್ಕೂ ನೇರ ಉತ್ತರ ಕೊಡುವುದಿಲ್ಲ. ಹುಡುಗಿಯ ಬದುಕನ್ನು ನಿರ್ಧರಿಸುವುದು ಮಾತ್ರ ಈ ಮೂರೇ. ಆದ್ದರಿಂದ ಅಪ್ಪನ ನಂಬಿಕೆಯ ಆಧಾರಗಳನ್ನು ಒಂದೊಂದಾಗಿ ಈ ಮೂರು ಪ್ರಶ್ನೆಗಳಿಗೆ ಒಡ್ಡಿ ನೋಡೋಣ.

ಮೊದಲನೆಯದು, ಪ್ರವೇಶ ಪರೀಕ್ಷೆ ಒಂದೇ ಎಂಬ ಮಾತು. ಬಾಗಿಲು ಒಂದೇ ಇದ್ದರೆ ಒಳಗಿನ ಮನೆಯೂ ಒಂದೇ ಆಗಬೇಕಿಲ್ಲ. ನೀಟ್ ಅಳೆಯುವುದು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ತಿಳಿವಳಿಕೆಯನ್ನು. ದಾರಿ ಕವಲೊಡೆಯುವುದು ಅದರ ಮರುದಿನವೇ. ಎಂಬಿಬಿಎಸ್ ಮುಗಿಸಿದವರು ನೀಟ್ ಪಿಜಿ ಬರೆದು ಎಂ.ಎಸ್. ಜನರಲ್ ಸರ್ಜರಿಗೆ ಹೋಗುತ್ತಾರೆ. ಬೇಕಿದ್ದರೆ ಅಲ್ಲಿಂದ ಮುಂದೆ ಇನ್ನೊಂದು ಪರೀಕ್ಷೆ ಬರೆದು ನರಶಸ್ತ್ರ, ಹೃದಯಶಸ್ತ್ರ, ಮೂತ್ರಾಂಗ ಶಸ್ತ್ರ ವಿಭಾಗಗಳ ಎಂ.ಸಿಎಚ್.ಗೆ ಮತ್ತೆ ಮೂರು ವರ್ಷ. ಬಿಎಎಂಎಸ್ ಮುಗಿಸಿದವರಿಗೆ ಆಯುಷ್ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯೇ ಬೇರೆ. ಅಲ್ಲಿಂದ ಶಲ್ಯ, ಶಾಲಾಕ್ಯ ಅಥವಾ ಪ್ರಸೂತಿತಂತ್ರ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಎಂ.ಎಸ್. ಈ ಎರಡು ದಾರಿಗಳ ನಡುವೆ ಅಡ್ಡದಾರಿ ಇಲ್ಲ. ಬಿಎಎಂಎಸ್ ಪದವೀಧರೆ ಎಷ್ಟೇ ಜಾಣೆಯಾಗಿರಲಿ, ನೀಟ್ ಪಿಜಿ ಬರೆಯುವಂತಿಲ್ಲ; ಜನರಲ್ ಸರ್ಜರಿಗಾಗಲಿ, ಮೂಳೆಶಸ್ತ್ರಕ್ಕಾಗಲಿ ಸೇರುವಂತಿಲ್ಲ. ನೋಂದಣಿಯೂ ಎರಡು ಕಡೆ: ಒಬ್ಬರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ, ಇನ್ನೊಬ್ಬರದು ಆಯುರ್ವೇದ ಮತ್ತು ಯುನಾನಿ ವೈದ್ಯರ ಮಂಡಳಿಯಲ್ಲಿ. ಮೇಲಿರುವ ಕೇಂದ್ರ ಕಾಯ್ದೆಗಳೂ ಎರಡು: 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ, 2020ರ ಭಾರತೀಯ ವೈದ್ಯ ಪದ್ಧತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ. ಹಾಳೆಯ ಮೇಲಿನ ಗೆರೆಗಳು ಕೆಳಗೆ ಕೂಡಿದ್ದವು. ಕಾಯ್ದೆಯಲ್ಲಿ ಅವು ಕೂಡುವ ಜಾಗವೇ ಇಲ್ಲ.

ಎರಡನೆಯದು, ಸುಶ್ರುತನ ವಾದ. ಇದು ಅಭಿಮಾನದ ವಿಷಯವಾದ್ದರಿಂದ ಎಚ್ಚರದಿಂದ ಯೋಚಿಸಬೇಕು. ಕತ್ತರಿಸಿಹೋದ ಮೂಗನ್ನು ಚರ್ಮದಿಂದ ಮತ್ತೆ ಕಟ್ಟುವ ವಿಧಾನವನ್ನು ಸುಶ್ರುತ ಸಂಹಿತೆ ವರ್ಣಿಸಿರುವುದು ನಿಜ. ಅದು ಈ ನೆಲದ ದೊಡ್ಡ ಸಾಧನೆ. ಆದರೆ ಆ ವಿದ್ಯೆ ಯಾರ ಕೈಯಲ್ಲಿ ಉಳಿದು ಬಂತು ಎಂದು ನೋಡಿ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಕಳೆದುಕೊಂಡ. ವರ್ಷದ ಮೇಲೆ ಪುಣೆಯ ಬಳಿ ಒಬ್ಬಾತ ಅವನ ಹಣೆಯ ಚರ್ಮವನ್ನು ತಿರುಗಿಸಿ ಹೊಸ ಮೂಗು ಕೂರಿಸಿದ. ಇಂಗ್ಲಿಷ್ ವೈದ್ಯರು ನಿಂತು ನೋಡಿದ ಈ ಕ್ರಿಯೆಯ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಅನೇಕ ವರ್ಷ ಅಭ್ಯಾಸ ಮಾಡಿ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಿಯೆ ಮಾಡಿದರು. ಆ ವರದಿಯ ಪ್ರಕಾರ ಪುಣೆಯ ಆ ಮನುಷ್ಯ ಇಟ್ಟಿಗೆ ಮಾಡುವ ಕುಲದವನು. ಶಸ್ತ್ರವಿದ್ಯೆ ಬದುಕಿ ಉಳಿದದ್ದು ಕೈಯಿಂದ ಕೈಗೆ ದಾಟಿದ ಅಭ್ಯಾಸದಲ್ಲಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಪರಂಪರೆಯ ಕೀರ್ತಿ ಯಾವ ವಿದ್ಯಾರ್ಥಿಯ ಬೆರಳಿಗೂ ತಾನಾಗಿ ಇಳಿಯುವುದಿಲ್ಲ. ಸುಶ್ರುತನನ್ನು ಒಪ್ಪುವವರು ಅವನ ಒಂದು ಪಾಠವನ್ನಾದರೂ ಪೂರ್ತಿ ಒಪ್ಪಬೇಕು: ಕುಂಬಳ, ಸೋರೆ, ಸೌತೆಗಳ ಮೇಲೆ ಛೇದನ ಕಲಿತು, ಶವವನ್ನು ಪದರ ಪದರವಾಗಿ ನೋಡಿ ತಿಳಿದು, ಕೈ ಪಳಗಿದ ಮೇಲೆಯೇ ರೋಗಿಯ ಮೈಗೆ ಶಸ್ತ್ರ ತಾಗಿಸಬೇಕೆಂದವನು ಅವನೇ. ಹಾಗಾಗಿ ಸುಶ್ರುತನ ಹೆಸರೂ ನಮ್ಮನ್ನು ಮೊದಲ ಪ್ರಶ್ನೆಗೇ ತಂದು ನಿಲ್ಲಿಸುತ್ತದೆ: ಕೈ ಪಳಗಿದ್ದು ಎಲ್ಲಿ?

ಮೂರನೆಯದು, 58 ಶಸ್ತ್ರಕ್ರಿಯೆಗಳ ಅಧಿಸೂಚನೆ. ಕೊಳೆತ ಬೆರಳು ಪಾದಗಳನ್ನು ತೆಗೆಯುವುದು, ಸಾಧಾರಣ ಗಡ್ಡೆಗಳನ್ನು ಕತ್ತರಿಸುವುದು, ಕಣ್ಣಿನ ಪೊರೆ, ಮೆಳ್ಳೆಗಣ್ಣು, ಹೀಗೆ ಪಟ್ಟಿ ಉದ್ದವಿದೆ. ಭಾರತೀಯ ವೈದ್ಯಕೀಯ ಸಂಘ ಅದನ್ನು ವಿರೋಧಿಸಿ 2020ರ ಡಿಸೆಂಬರಿನಲ್ಲಿ ಮುಷ್ಕರ ಮಾಡಿತು. ಆಯುಷ್ ಸಚಿವಾಲಯ, ಇದು ಹೊಸ ಅಧಿಕಾರವಲ್ಲ, ಆಯುರ್ವೇದ ಕಾಲೇಜುಗಳಲ್ಲಿ ಮೊದಲಿಂದ ಇದ್ದದ್ದರ ಸ್ಪಷ್ಟೀಕರಣ ಎಂದಿತು. ಸಚಿವಾಲಯದ ಮಾತನ್ನೇ ಪೂರ್ತಿ ಒಪ್ಪಿಕೊಳ್ಳೋಣ. ಆಗಲೂ ಅಧಿಸೂಚನೆ ಉತ್ತರಿಸುವುದು ಒಂದೇ ಅಂಶಕ್ಕೆ, ಏನನ್ನು ಕಲಿಸಬೇಕು ಎಂಬುದಕ್ಕೆ. ಕಲಿಸುವಷ್ಟು ರೋಗಿಗಳು ಆ ಆಸ್ಪತ್ರೆಗೆ ಬರುತ್ತಾರೆಯೇ ಎಂಬುದನ್ನು ಗೆಜೆಟ್ಟು ನಿರ್ಧರಿಸಲಾರದು. ಹೊಣೆಯ ಪ್ರಶ್ನೆಯನ್ನೂ ಅದು ಬಗೆಹರಿಸುವುದಿಲ್ಲ. ಶಸ್ತ್ರಕ್ರಿಯೆಯಾದ ಮೇಲೆ ರೋಗಿಗೆ ಆ್ಯಂಟಿಬಯಾಟಿಕ್ ಬೇಕು, ನೋವಿನ ಇಂಜೆಕ್ಷನ್ ಬೇಕು, ಡ್ರಿಪ್ ಬೇಕು. ಆಯುರ್ವೇದ ವೈದ್ಯರು ಆಧುನಿಕ ಔಷಧಿ ಬರೆಯಬಹುದೇ ಎಂಬುದು ರಾಜ್ಯ ಸರ್ಕಾರ ಅದಕ್ಕೆಂದು ಕೊಟ್ಟ ಅವಕಾಶದ ಮಿತಿಯಲ್ಲಿ ನಿಂತಿದೆ ಎಂದು ಸುಪ್ರೀಂ ಕೋರ್ಟ್ 1998ರ ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ ಹೇಳಿದೆ. ಚಾಕು ಹಿಡಿಯಲು ಒಂದು ಕಾನೂನು, ಆ ಗಾಯಕ್ಕೆ ಔಷಧಿ ಬರೆಯಲು ಇನ್ನೊಂದು ಕಾನೂನು ಎಂಬ ಸ್ಥಿತಿಯಲ್ಲಿ ವೃತ್ತಿ ಕಟ್ಟಿಕೊಳ್ಳುವುದು ಸುಲಭವಲ್ಲ. ಇನ್ನು ಮಾನ್ಯತೆ: 1971ರ ಗರ್ಭಪಾತ ಕಾಯ್ದೆಯಾಗಲಿ, 1994ರ ಅಂಗಾಂಗ ಕಸಿ ಕಾಯ್ದೆಯಾಗಲಿ ‘ವೈದ್ಯ’ ಎಂದು ಒಪ್ಪುವುದು ಆಧುನಿಕ ವೈದ್ಯಕೀಯದ ನೋಂದಣಿ ಇದ್ದವರನ್ನು ಮಾತ್ರ. ಪ್ರಸೂತಿತಂತ್ರದಲ್ಲಿ ಎಂ.ಎಸ್. ಮಾಡಬೇಕೆಂದಿರುವ ಹುಡುಗಿಗೆ ಇದು ಮೊದಲೇ ಗೊತ್ತಿರಬೇಕು. ಒಂಬತ್ತನೇ ವರ್ಷದಲ್ಲಿ ಗೊತ್ತಾಗಬಾರದು. 2023ರ ಏಪ್ರಿಲಿನಲ್ಲಿ ಗುಜರಾತಿನ ಸರ್ಕಾರಿ ವೈದ್ಯರ ವೇತನ ಸಮಾನತೆಯ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಎರಡೂ ಪದ್ಧತಿಗಳಲ್ಲಿ ಮೇಲು ಕೀಳು ಎಣಿಸಲಿಲ್ಲ. ತುರ್ತುಸೇವೆ, ಅಪಘಾತ ಚಿಕಿತ್ಸೆ, ಶಸ್ತ್ರಕ್ರಿಯೆಗೆ ನೆರವು, ಇವುಗಳಲ್ಲಿ ಇಬ್ಬರ ಕೆಲಸ ಬೇರೆ ಎಂದಿತು. ಸೇವಾ ಸಮಾನತೆಯ ಪ್ರಶ್ನೆ ಆಮೇಲೂ ಕೋರ್ಟಿನ ಮುಂದೆ ಬರುತ್ತಲೇ ಇದೆ. ಆದರೆ ಕೆಲಸ ಬೇರೆ ಎಂಬ ಆ ಗುರುತು ನಮ್ಮ ವಿಷಯದ ತಿರುಳು.

ಕೆಲಸ ಬೇರೆ ಎನ್ನುವುದನ್ನು ಪುಸ್ತಕದ ಮಾತಾಗಿ ಬಿಡದೆ ನಮ್ಮ ಜಿಲ್ಲೆಯಲ್ಲಿಟ್ಟು ನೋಡಬಹುದು. ತುಮಕೂರಿನ ಪಕ್ಕದಲ್ಲಿ ಬೆಂಗಳೂರು–ಪುಣೆ ಹೆದ್ದಾರಿ ಹಾದುಹೋಗುತ್ತದೆ, ಕುಣಿಗಲ್‌ನಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿ. ರಾತ್ರಿ ಎರಡು ಗಂಟೆಗೆ ಲಾರಿಗೆ ಬೈಕು ಗುದ್ದಿ ಗುಲ್ಮ ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವನನ್ನು 108 ವಾಹನ ಒಯ್ಯುವುದು ಜಿಲ್ಲಾಸ್ಪತ್ರೆಯ ಅಥವಾ ಎಂಬಿಬಿಎಸ್ ಕಾಲೇಜೊಂದರ ಆಸ್ಪತ್ರೆಯ ಕ್ಯಾಶುಯಲ್ಟಿಗೆ. ಕರುಳು ತೂತಾದವರು, ಹರ್ನಿಯಾ ಸಿಕ್ಕಿಹಾಕಿಕೊಂಡವರು, ಅಪೆಂಡಿಕ್ಸ್ ಒಡೆದವರು ಸೇರುವುದೂ ಅಲ್ಲಿಗೇ. ಜನರಲ್ ಸರ್ಜರಿಯ ವಿದ್ಯಾರ್ಥಿ ಮೂರು ವರ್ಷ ಈ ರಾತ್ರಿಗಳಲ್ಲಿ ಬೇಯುತ್ತಾರೆ: ಮೊದಲು ರಿಟ್ರ್ಯಾಕ್ಟರ್ ಹಿಡಿದು ನಿಲ್ಲುತ್ತಾರೆ, ಆಮೇಲೆ ಚರ್ಮಕ್ಕೆ ಹೊಲಿಗೆ ಹಾಕುತ್ತಾರೆ, ಕೊನೆಗೆ ಹಿರಿಯರು ಎದುರು ನಿಂತಿರುವಾಗ ತಾವೇ ಹೊಟ್ಟೆ ತೆರೆಯುತ್ತಾರೆ. ಶಲ್ಯತಂತ್ರದ ವಿಭಾಗಗಳಿಗೆ ಬರುವ ರೋಗಿಗಳು ಬಹುತೇಕ ಬೇರೆ: ಮೂಲವ್ಯಾಧಿ, ಭಗಂದರ, ಗುದದ ಸೀಳು, ಮಾಯದ ಹುಣ್ಣು. ವಿದ್ಯಾರ್ಥಿಯ ಬುದ್ಧಿಗಾಗಲಿ, ಗುರುವಿನ ನಿಷ್ಠೆಗಾಗಲಿ ಇಲ್ಲಿ ಕೊರತೆಯಿದೆ ಎಂದು ನಾನು ಹೇಳುತ್ತಿಲ್ಲ. ಬರುವ ರೋಗಿಯೇ ಸರ್ಜನ್‌ನ ಪಠ್ಯ. ಬಾರದ ರೋಗಿಯ ಮೇಲೆ ಯಾರೂ ಕೈ ಪಳಗಿಸಿಕೊಳ್ಳಲಾರರು. ಇದಕ್ಕೆ ಅರಿವಳಿಕೆಯ ವಿಷಯವನ್ನೂ ಸೇರಿಸಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ರೋಗಿಯ ಬಿ.ಪಿ. ಕುಸಿದರೆ ಆ ಕ್ಷಣ ಕಾಯುವುದು ಅರಿವಳಿಕೆ ತಜ್ಞರು. ಸರ್ಜನ್ ಒಬ್ಬರೇ ಶಸ್ತ್ರಕ್ರಿಯೆ ಮಾಡುವುದಿಲ್ಲ. ಅರಿವಳಿಕೆ, ರಕ್ತನಿಧಿ, ಐಸಿಯು, ಲ್ಯಾಬು ಕೂಡಿ ಮಾಡುತ್ತವೆ. ಆ ಕೂಟದೊಳಗೆ ಕಲಿತವರು ಮಾತ್ರ ಆ ಕೂಟವನ್ನು ನಡೆಸಬಲ್ಲರು.

ಇಲ್ಲಿಯವರೆಗೆ ಓದಿ, “ಹಾಗಾದರೆ ಆಯುರ್ವೇದ ಎಂದರೆ ಎಂಬಿಬಿಎಸ್ ಸಿಗದವರ ಪಾಲು” ಎಂದು ಯಾರಾದರೂ ತೀರ್ಮಾನಿಸಿದರೆ ಅದು ಇನ್ನೊಂದು ತುದಿಯ ತಪ್ಪು. ಕ್ಷಾರಸೂತ್ರವನ್ನೇ ತೆಗೆದುಕೊಳ್ಳಿ. ಗಟ್ಟಿ ಲಿನನ್ ದಾರಕ್ಕೆ ಎಲೆಗಳ್ಳಿಯ ಹಾಲನ್ನು ಹನ್ನೊಂದು ಸಲ ಸವರಿ ಪ್ರತಿ ಸಲ ಒಣಗಿಸುತ್ತಾರೆ. ಆಮೇಲೆ ಕಳ್ಳಿಹಾಲು ಮತ್ತು ಉತ್ತರಾಣಿ ಕ್ಷಾರ ಏಳು ಸಲ, ಕಳ್ಳಿಹಾಲು ಮತ್ತು ಅರಿಸಿನ ಮೂರು ಸಲ. ಒಟ್ಟು 21 ಲೇಪ. ಉತ್ತರಾಣಿ ನಮ್ಮ ಕಡೆ ಬೇಲಿ ಬದಿಯಲ್ಲಿ ಬಟ್ಟೆಗೆ ಅಂಟಿಕೊಳ್ಳುವ ಗಿಡ. ಈ ದಾರವನ್ನು ಭಗಂದರದ ನಾಳದಲ್ಲಿ ತೂರಿಸಿ ಕಟ್ಟಿ, ವಾರಕ್ಕೊಮ್ಮೆ ಬದಲಿಸುತ್ತ ಹೋದರೆ ಅದು ನಾಳವನ್ನು ಸ್ವಲ್ಪ ಸ್ವಲ್ಪವೇ ಕೊಯ್ಯುತ್ತಾ ಹಿಂದಿನಿಂದ ಮಾಯಿಸುತ್ತಾ ಬರುತ್ತದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿ.ಜೆ. ದೇಶಪಾಂಡೆ ಮತ್ತು ಸಂಗಡಿಗರು 1960ರ ದಶಕದಲ್ಲಿ ಈ ವಿಧಾನಕ್ಕೆ ಮರುಜೀವ ಕೊಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಕೇಂದ್ರಗಳಲ್ಲಿ ಇದನ್ನು ಸಾಧಾರಣ ಶಸ್ತ್ರಕ್ರಿಯೆಯ ಎದುರಿಟ್ಟು ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು: ಮಾಯಲು ಕ್ಷಾರಸೂತ್ರಕ್ಕೆ ಸುಮಾರು ಎಂಟು ವಾರ, ಶಸ್ತ್ರಕ್ರಿಯೆಗೆ ನಾಲ್ಕು ವಾರ, ಆದರೆ ರೋಗ ಮರುಕಳಿಸಿದ್ದು ಕ್ಷಾರಸೂತ್ರದಲ್ಲಿ ಶೇ. 4, ಶಸ್ತ್ರಕ್ರಿಯೆಯಲ್ಲಿ ಶೇ. 11. ಮತ್ತೆ ಮತ್ತೆ ಕಾಡುವ, ಹೇಳಿಕೊಳ್ಳಲು ನಾಚುವ ರೋಗವೊಂದರಲ್ಲಿ ಇದು ಸಣ್ಣ ಮಾತಲ್ಲ. ಶಲ್ಯತಂತ್ರಕ್ಕೆ ಗೌರವ ಸಿಗಬೇಕಾದದ್ದು ಇಂಥ ಕಾರಣಕ್ಕೆ. ತನ್ನ ಕ್ಷೇತ್ರದಲ್ಲಿ ತನ್ನದೇ ವಿಧಾನದಿಂದ, ಪರೀಕ್ಷೆಗೆ ಒಡ್ಡಿಕೊಂಡು ಗೆದ್ದ ವಿದ್ಯೆ ಅದು. ಅದನ್ನು ಜನರಲ್ ಸರ್ಜರಿಯ ಹಿಂಬಾಗಿಲು ಮಾಡಿಕೊಳ್ಳುವವರು ಅದನ್ನು ಗೌರವಿಸುತ್ತಿಲ್ಲ, ಬಳಸಿಕೊಳ್ಳುತ್ತಿದ್ದಾರೆ.

ಎರಡು ದಾರಿಗಳು ಕೂಡುವುದೇ ಇಲ್ಲವೇ ಎಂದರೆ, ಕೂಡಿದ ಉದಾಹರಣೆಯೂ ಜಗತ್ತಿನಲ್ಲಿದೆ. ಅಮೆರಿಕದಲ್ಲಿ ಎಂ.ಡಿ. ಜೊತೆಗೆ ಡಿ.ಒ. ಎಂಬ ಇನ್ನೊಂದು ವೈದ್ಯ ಪದವಿ ಇದೆ. ಮೂಳೆ, ಸ್ನಾಯುಗಳನ್ನು ಕೈಯಿಂದ ಸರಿಪಡಿಸುವ ಆಸ್ಟಿಯೋಪಥಿಯ ಮೊದಲ ಶಾಲೆಯನ್ನು ಆ್ಯಂಡ್ರೂ ಟೇಲರ್ ಸ್ಟಿಲ್ 1892ರಲ್ಲಿ ಮಿಸ್ಸೂರಿಯ ಕರ್ಕ್ಸ್‌ವಿಲ್‌ನಲ್ಲಿ ತೆರೆದರು. ಬಹುಕಾಲ ಎಂ.ಡಿ.ಗಳು ಅವರನ್ನು ಒಪ್ಪಲಿಲ್ಲ. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಎರಡು ಸಾವಿರ ಡಿ.ಒ.ಗಳು 65 ಡಾಲರ್ ಕಟ್ಟಿ ಎಂ.ಡಿ. ಪದವಿ ಪಡೆದರು. ಆದರೆ ಡಿ.ಒ.ಗಳನ್ನು ಪೂರ್ಣ ಪ್ರಮಾಣದ ಸರ್ಜನ್ ಮಾಡಿದ್ದು ಆ 65 ಡಾಲರ್ ಅಲ್ಲ. ಅವರ ಕಾಲೇಜುಗಳು ಆಧುನಿಕ ಔಷಧಶಾಸ್ತ್ರ, ಶಸ್ತ್ರವೈದ್ಯ ಎಲ್ಲವನ್ನೂ ತಮ್ಮ ಪಠ್ಯಕ್ಕೆ ತಂದುಕೊಂಡವು. ಆಸ್ಪತ್ರೆಯ ರೆಸಿಡೆನ್ಸಿ ತರಬೇತಿ ಹಂತ ಹಂತವಾಗಿ ಒಂದಾಗುತ್ತಾ 2020ರ ಜೂನ್ ಹೊತ್ತಿಗೆ ಇಬ್ಬರಿಗೂ ಒಂದೇ ಮಾನ್ಯತಾ ವ್ಯವಸ್ಥೆ ಬಂತು. ಈಗ ಅಲ್ಲಿ ನೆಲೆಸಿದ ಕನ್ನಡದ ಮನೆಗಳ ಮಕ್ಕಳು ಡಿ.ಒ. ಮಾಡಿ ಸರ್ಜನ್ ಆಗಬಹುದು. ಸ್ಪರ್ಧೆ ಹೆಚ್ಚಿರುವ ಶಸ್ತ್ರ ವಿಭಾಗಗಳಲ್ಲಿ ಮಾತ್ರ ಈಗಲೂ ಎಂ.ಡಿ.ಗಳಿಗಿಂತ ಹಾದಿ ಸ್ವಲ್ಪ ಕಡಿದು. ಅದೇ ‘ಆಸ್ಟಿಯೋಪಥಿ’ ಇಂಗ್ಲೆಂಡಿನಲ್ಲಿ 1993ರ ಕಾಯ್ದೆಯಡಿ ಬೇರೆಯೇ ವೃತ್ತಿ. ಅಲ್ಲಿನ ಆಸ್ಟಿಯೋಪಥ್ ಶಸ್ತ್ರಕ್ರಿಯೆ ಮಾಡುವುದಿಲ್ಲ. ಹೆಸರು ಒಂದೇ ಇದ್ದೂ ಒಂದು ದೇಶದಲ್ಲಿ ಸರ್ಜನ್, ಇನ್ನೊಂದರಲ್ಲಿ ಅಲ್ಲ. ಅಮೆರಿಕದಲ್ಲಿ ಎರಡು ಪದವಿಗಳ ಹೆಸರು ಬೇರೆಯಾಗಿಯೇ ಉಳಿದು ತರಬೇತಿ ಒಂದಾಯಿತು. ನಮ್ಮಲ್ಲಿ ಪದವಿಯ ಹೆಸರು ಒಂದೇ ಇದ್ದು ತರಬೇತಿ ಬೇರೆ. “ಅಮೆರಿಕದಲ್ಲಿ ಆಗಿದೆಯಲ್ಲ” ಎನ್ನುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಈಗ ಆಕ್ಷೇಪಗಳು. ಅತ್ಯಂತ ಬಲವಾದದ್ದು ಹಣ ಮತ್ತು ಸೀಟಿನದು: “ಎಂಬಿಬಿಎಸ್ ಸೇರಿದವರಿಗೆಲ್ಲ ಸರ್ಜರಿ ಸಿಗುತ್ತದೆಯೇ? ಖಾಸಗಿ ಸೀಟಿಗೆ ತೆಂಗಿನ ತೋಟ ಮಾರಬೇಕೇ?” ಎಲ್ಲರಿಗೂ ಸಿಗುವುದಿಲ್ಲ; ಎಂಬಿಬಿಎಸ್ ಎಂಬುದು ಸರ್ಜರಿಯ ಬಾಗಿಲಿನ ಮುಂದೆ ನಿಲ್ಲುವ ಹಕ್ಕು, ಒಳಗೆ ಹೋಗುವ ಭರವಸೆಯಲ್ಲ. ಬಿಎಎಂಎಸ್‌ನಲ್ಲಿ ಆ ಬಾಗಿಲಿನ ಮುಂದೆ ನಿಲ್ಲುವ ಹಕ್ಕೂ ಇಲ್ಲ, ವ್ಯತ್ಯಾಸ ಅಷ್ಟೇ. ಹಣವಿಲ್ಲ ಎಂಬುದು ಎಂಬಿಬಿಎಸ್ ಬಿಡಲು ಪೂರ್ಣ ಯೋಗ್ಯ ಕಾರಣ. ಮನೆಯ ನೆಲೆಯನ್ನೇ ಪಣಕ್ಕಿಟ್ಟು ಸೀಟು ಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಕೈಗೆಟಕದ್ದನ್ನು ಬಿಡುವುದು ಬೇರೆ, ಕೈಗೆ ಸಿಕ್ಕಿದ್ದನ್ನೇ ಅದು ಎಂದು ನಂಬುವುದು ಬೇರೆ. ಎರಡನೆಯ ಆಕ್ಷೇಪ ಹಳ್ಳಿಗಳ ಹೆಸರಿನಲ್ಲಿ ಬರುತ್ತದೆ: ತಾಲ್ಲೂಕುಗಳಲ್ಲಿ ಸರ್ಜನ್‌ಗಳ ಕೊರತೆಯಿದೆ, ಶಲ್ಯತಜ್ಞರು ಅದನ್ನು ತುಂಬಲಿ. ಕೊರತೆ ನಿಜ. ಆದರೆ ಗುಬ್ಬಿಯ ಕೂಲಿಕಾರನ ಹೊಟ್ಟೆಯೂ ಬೆಂಗಳೂರಿನ ಶ್ರೀಮಂತನ ಹೊಟ್ಟೆಯೂ ಒಂದೇ ತರಬೇತಿಯನ್ನು ಬೇಡುತ್ತವೆ. ಸರ್ಕಾರಕ್ಕೆ ಹೆಚ್ಚು ಕೈಗಳು ಬೇಕಿದ್ದರೆ ಜಿಲ್ಲಾಸ್ಪತ್ರೆಯ ಅದೇ ಥಿಯೇಟರಿನಲ್ಲಿ, ಅದೇ ಲೆಕ್ಕದ ಶಸ್ತ್ರಕ್ರಿಯೆ, ಅದೇ ಪರೀಕ್ಷೆಯೊಂದಿಗೆ ಶಲ್ಯ ವಿದ್ಯಾರ್ಥಿಗಳಿಗೆ ತರಬೇತಿ ಕೊಡಲಿ. ಆಗ ನಾನೂ ಮನಸಾರೆ ಒಪ್ಪುತ್ತೇನೆ. ಪಟ್ಟಿ ಪ್ರಕಟಿಸಿ ತರಬೇತಿಯನ್ನು ಅದೃಷ್ಟಕ್ಕೆ ಬಿಟ್ಟರೆ ರೋಗಿಗೂ ಅನ್ಯಾಯ, ಆ ವೈದ್ಯರಿಗೂ ಅನ್ಯಾಯ. ಮೂರನೆಯದು, “ನಾಳೆ ಕಾನೂನು ಬದಲಾಗಬಹುದು” ಎಂಬುದು. 2017ರ ವೈದ್ಯಕೀಯ ಆಯೋಗದ ಮಸೂದೆಯಲ್ಲಿ ಆಯುಷ್ ವೈದ್ಯರಿಗೆ ಬ್ರಿಜ್ ಕೋರ್ಸ್ ಎಂಬ ಕಲಮು ಇತ್ತು. ವಿರೋಧ ಬಂದು 2018ರಲ್ಲಿ ಕೈಬಿಟ್ಟರು. ಬರಬಹುದಾದ ಕಾನೂನನ್ನು ನಂಬಿ ಯಾರೂ ಮನೆಯ ಪಾಯ ತೋಡುವುದಿಲ್ಲ. ಹತ್ತು ವರ್ಷದ ಓದಿನ ವಿಷಯದಲ್ಲೂ ಆ ವಿವೇಕವೇ ಸರಿ.

ನಾಲ್ಕನೆಯ ಮಾತು ಆಕ್ಷೇಪಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣೆದುರಿನ ವಾಸ್ತವ. “ಬಿಎಎಂಎಸ್ ಮಾಡಿದವರು ನರ್ಸಿಂಗ್ ಹೋಮುಗಳಲ್ಲಿ ಡ್ಯೂಟಿ ಡಾಕ್ಟರಾಗಿ ಎಲ್ಲವನ್ನೂ ಮಾಡುತ್ತಿದ್ದಾರಲ್ಲ?” ಹೌದು. ರಾತ್ರಿಯಿಡೀ ವಾರ್ಡು ಕಾಯುವವರು, ಡ್ರಿಪ್ ನೋಡುವವರು, ಥಿಯೇಟರಿನಲ್ಲಿ ಸರ್ಜನ್‌ಗೆ ಕೈ ಕೊಡುವವರು ಎಷ್ಟೋ ಕಡೆ ಅವರೇ; ಅವರಿಲ್ಲದೆ ಸಣ್ಣ ಊರುಗಳ ಎಷ್ಟೋ ಆಸ್ಪತ್ರೆಗಳು ನಡೆಯುವುದಿಲ್ಲ. ಆದರೆ ಆ ಕೆಲಸದಲ್ಲಿ ಅವರು ಕಲಿತದ್ದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಐದು ವರ್ಷವಾದರೂ ಅವರು ‘ಅಸಿಸ್ಟ್’ ಮಾಡುವವರೇ. ತೊಂದರೆಯಾದ ದಿನ ಮೊದಲ ಪ್ರಶ್ನೆ ಅವರ ನೋಂದಣಿಯ ಮೇಲೇ ಬರುತ್ತದೆ. ತಮ್ಮದೇ ಪದ್ಧತಿಯಲ್ಲಿ ತಲೆಯೆತ್ತಿ ನಿಲ್ಲಬಹುದಾಗಿದ್ದ ವೈದ್ಯರು ಇನ್ನೊಂದು ಪದ್ಧತಿಯ ನೆರಳಲ್ಲಿ ಹೆಸರಿಲ್ಲದೆ ದುಡಿಯುವುದನ್ನು ನೋಡಿದಾಗ ನನಗೆ ನೋವಾಗುತ್ತದೆ. ಹದಿನೆಂಟರಲ್ಲಿ ಅವರಿಗೆ ಯಾರೋ ಹೇಳಿದ “ಎರಡೂ ಒಂದೇ” ಎಂಬ ಮಾತಿನ ಬೆಲೆಯನ್ನು ಅವರು ಮೂವತ್ತರಲ್ಲಿ ತೆರುತ್ತಿದ್ದಾರೆ.

ಹೀಗಾಗಿ ಆಯ್ಕೆಯ ಮುಂದೆ ನಿಂತ ಹುಡುಗ ಹುಡುಗಿಯರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು.

1. ನನಗೆ ಬೇಕಿರುವುದು ಯಾವ ಶಸ್ತ್ರಕ್ರಿಯೆ? ಅಪಘಾತ, ಹೊಟ್ಟೆ, ಮೂಳೆ, ಮೆದುಳು, ಹೃದಯ ಎಂದಾದರೆ ಎಂಬಿಬಿಎಸ್ ಬಿಟ್ಟು ಬೇರೆ ದಾರಿಯಿಲ್ಲ. ಶಲ್ಯತಂತ್ರ ತಾನೇ ಆಳವಾಗಿ ಬಲ್ಲ ರೋಗಗಳು ಎಂದಾದರೆ ಆಯುರ್ವೇದ ಮೊದಲ ಆಯ್ಕೆಯೇ ಆಗಬಹುದು. 1908ರಲ್ಲಿ ಶುರುವಾದ ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನಂಥ ಹಳೆಯ ಸಂಸ್ಥೆಗಳೂ ನಮ್ಮಲ್ಲಿವೆ.

2. ಒಂದು ವರ್ಷ ಲಾಂಗ್ ಟರ್ಮ್ ಓದುವ ಶಕ್ತಿ ನನಗೂ ಮನೆಗೂ ಇದೆಯೇ? ಒಂದು ವರ್ಷ ತಡವಾಗುವುದು ನಷ್ಟವೇ. ಆದರೆ ಒಲ್ಲದ ದಾರಿಯಲ್ಲಿ ಎಂಟು ವರ್ಷ ನಡೆಯುವುದಕ್ಕೆ ಹೋಲಿಸಿದರೆ ಅದು ಸಣ್ಣ ನಷ್ಟ. ಎಷ್ಟು ಸಲ ಪ್ರಯತ್ನ ಎಂಬ ಮಿತಿಯನ್ನು ಮಾತ್ರ ಮೊದಲೇ ಹಾಕಿಕೊಳ್ಳಬೇಕು.

3. ಎಲ್ಲ ಪಟ್ಟಿಗಳನ್ನೂ ನೋಡಿದ್ದೇನೆಯೇ? ತುಮಕೂರಿನಲ್ಲೇ ಇರುವ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯದ್ದಾದ್ದರಿಂದ ಅದರ ಸೀಟು ಹಂಚಿಕೆ ಕೇಂದ್ರದ ಎಂಸಿಸಿ ಮೂಲಕ ನಡೆಯುತ್ತದೆ. ಕೆಇಎ ಪಟ್ಟಿಯೊಂದನ್ನೇ ನೋಡಿದವರಿಗೆ ಊರಿನ ಈ ಕಾಲೇಜು ಕಾಣದು. ಕಂಡರೂ ಅದರ ಶುಲ್ಕವನ್ನು ಮನೆಯ ಶಕ್ತಿಯೊಂದಿಗೆ ತೂಗಿ ನೋಡಬೇಕು.

4. ಸೇರಬೇಕೆಂದಿರುವ ಕಾಲೇಜಿನ ಆಸ್ಪತ್ರೆಗೆ ಹೋಗಿ ನೋಡಿದ್ದೇನೆಯೇ? ಎಂಬಿಬಿಎಸ್ ಆಗಲಿ, ಬಿಎಎಂಎಸ್ ಆಗಲಿ, ಹೊರರೋಗಿ ವಿಭಾಗದಲ್ಲಿ ಅರ್ಧ ದಿನ ಕೂತು ಜನ ಎಷ್ಟು ಬರುತ್ತಾರೆ, ಥಿಯೇಟರಿನ ಮುಂದಿನ ಬೋರ್ಡಿನಲ್ಲಿ ಅಂದಿನ ಶಸ್ತ್ರಕ್ರಿಯೆಗಳು ಎಷ್ಟಿವೆ ನೋಡಿದರೆ ಯಾವ ಜಾಹೀರಾತೂ ಹೇಳದ್ದು ತಿಳಿಯುತ್ತದೆ. ರೋಗಿಗಳಿಲ್ಲದ ಎಂಬಿಬಿಎಸ್ ಕಾಲೇಜು ಕೂಡ ಸರ್ಜನ್‌ನನ್ನು ತಯಾರಿಸಲಾರದು.

ಈ ನಾಲ್ಕನ್ನು ಗುಬ್ಬಿಯ ಆ ಮನೆಯಲ್ಲೂ ಮುಂದಿಟ್ಟೆ. ಯಾವುದನ್ನು ಆರಿಸಬೇಕು ಎಂದು ನಾನು ಹೇಳಲಿಲ್ಲ. ಅದು ಅವರ ಮನೆಯ ನಿರ್ಧಾರ. ಹಾಳೆಯ ಕೆಳಗಿದ್ದ ‘ಎಂ.ಎಸ್.’ ಮಾತ್ರ ಅಳಿಸಿ, ಅದನ್ನು ಎರಡು ಕಡೆ ಬೇರೆ ಬೇರೆಯಾಗಿ ಬರೆಯಲು ಹುಡುಗಿಗೆ ಹೇಳಿದೆ: ಒಂದು ಕಡೆ ‘ಜನರಲ್ ಸರ್ಜರಿ’, ಇನ್ನೊಂದು ಕಡೆ ‘ಶಲ್ಯತಂತ್ರ’. ಒಂದೊಂದರ ಕೆಳಗೂ ಅಲ್ಲಿಂದ ಮಾಡಬಹುದಾದ ಕೆಲಸಗಳನ್ನು ಅವಳೇ ಬರೆದಳು. ಎರಡೂ ಪಟ್ಟಿ ತುಂಬಿದ ಮೇಲೆ ಅಪ್ಪ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಓದಿದರು. “ಎರಡೂ ಒಳ್ಳೇದೇ,” ಎಂದರು ಕೊನೆಗೆ, “ಆದ್ರೆ ಎರಡೂ ಒಂದೇ ಅಲ್ಲ.” ಆಯ್ಕೆ ಶುರುವಾಗಬೇಕಾದದ್ದು ಆ ಮಾತಿನಿಂದ.